ಹಿಮ ಕರಗಿದರೆ ವರದೆಗೇನು?

(ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರಿನ ಅಭ್ಯಾಸ ವರ್ಗಗಳಲ್ಲಿ ಪಕ್ಷದ ಸಂಘಟಕರೊಬ್ಬರು ಮಾಡಿದ ಭಾಷಣ. ನಾಲ್ಕೂ ಕಡೆ ಹೇಳಿದ್ದನ್ನು ಒಂದುಗೂಡಿಸಿ ಇಲ್ಲಿ ಕೊಟ್ಟಿದೆ.)



ಇಂದಿನ ವರ್ಗದ ವಿಷಯ ಹಿಮನದಿ ಎಂದು ಕರಪತ್ರದಲ್ಲಿ ಅಚ್ಚಾದದ್ದನ್ನು ಕಂಡು ಹಲವರು ನಕ್ಕರೆಂದು ಕೇಳಿದ್ದೇನೆ. ಹಾನಗಲ್ಲಿನಲ್ಲಿ ಚಹದ ಅಂಗಡಿಯ ಮುಂದೆ ಒಬ್ಬ ಹಮಾಲ ಸಂಗಾತಿ ನನ್ನನ್ನು ನಿಲ್ಲಿಸಿಯೇ ಕೇಳಿದ: "ಮಾಸ್ತರ್ರ, ಕೂಲಿ ಹೆಚ್ಚು ಮಾಡ್ರಿ ಅಂತ ಮಾತಾಡೂದು ಬಿಟ್ಟು ಹಿಮಾಲಯಕ್ಕ ಯಾಕ ಹೊಂಟೀರಿ? ಅಲ್ಲಿ ಬರ್ಫ ಕರಗಿದ್ರ ನಮ್ಮ ವರದಾಕ್ಕ ಏನಾಗತೈತ್ರಿ?"

ಪ್ರಶ್ನೆ ಸರಿಯಾದದ್ದೇ. ಮೊದಲು ಅದನ್ನು ಒಪ್ಪಿಕೊಂಡು ಮುಂದೆ ಹೋಗೋಣ. ನಮ್ಮ ವರದೆ ಹುಟ್ಟುವದು ಸಾಗರ ತಾಲೂಕಿನ ಇಕ್ಕೇರಿಯ ಹತ್ತಿರ, ವರದಾಮೂಲದಲ್ಲಿ. ಬನವಾಸಿಯನ್ನು ಬಳಸಿ ಹಾನಗಲ್ಲ ಸೀಮೆಗೆ ಬಂದು, ಮುಂದೆ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತಾಳೆ. ಹಿರೇಕೆರೂರ ಕಡೆಯ ಕುಮುದ್ವತಿಯೂ ಹಾಗೆಯೇ ಮಲೆನಾಡಿನ ಮಳೆಯ ಮಗಳು. ಈ ನದಿಗಳಲ್ಲಿ ಹಿಮದ ನೀರು ಒಂದು ಹನಿಯೂ ಇಲ್ಲ. ಹಿಮಾಲಯದಿಂದ ಹರಿದ ನೀರು ಎಂದೂ ವರದೆಗೆ ಬಂದದ್ದಿಲ್ಲ, ಮುಂದೆಯೂ ಬರುವದಿಲ್ಲ.

ಹಾಗಿದ್ದರೂ ಈ ವಿಷಯವನ್ನು ನಿಮ್ಮ ಮುಂದೆ ತಂದದ್ದೇಕೆ? ಕೂಲಿಯ ಮಾತಿಗೂ ಹಿಮದ ಮಾತಿಗೂ ಒಂದೇ ಲೆಕ್ಕದ ಪುಸ್ತಕ ಇದೆ ಎಂದು ತೋರಿಸುವದಕ್ಕೆ. ಒಬ್ಬ ಉಂಡು ಹೋದದ್ದನ್ನು ಇನ್ನೊಬ್ಬನ ಹೆಸರಿನಲ್ಲಿ ಖರ್ಚು ಬರೆಯುವ ಪುಸ್ತಕ ಅದು. ಹಮಾಲ ಸಂಗಾತಿಯ ಪ್ರಶ್ನೆಗೆ ಉತ್ತರವನ್ನು ಕೊನೆಯಲ್ಲಿ ಕೊಡುತ್ತೇನೆ. ಅಲ್ಲಿಯ ವರೆಗೆ ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಶಾಲೆ ಬಿಟ್ಟು ವರ್ಷಗಳಾದರೂ ಮೊದಲಿನಿಂದ ವಿವರಿಸುವ ಚಟ ನನ್ನನ್ನು ಬಿಟ್ಟಿಲ್ಲ.

ನಡೆದುಹೋದ ಗುಡಿಸಲು

ಎತ್ತರದ ಬೆಟ್ಟದ ಮೇಲೆ ಬೀಳುವ ಹಿಮ ಹಿಂಜಿದ ಅರಳೆಯಂತೆ ಹಗುರ. ಬೇಸಿಗೆಯಲ್ಲಿ ಅದು ಪೂರ್ತಿ ಕರಗದೆ ಉಳಿದರೆ ಅದರ ಮೇಲೆ ಮರುವರ್ಷದ ಹಿಮ ಬೀಳುತ್ತದೆ. ಹೀಗೆ ಪದರದ ಮೇಲೆ ಪದರ ಕೂಡುತ್ತದೆ. ಮೇಲಿನ ಭಾರಕ್ಕೆ ಕೆಳಗಿನ ಪದರದ ಗಾಳಿಯೆಲ್ಲ ಹೊರಬೀಳುತ್ತದೆ. ಜಿನ್ನಿಂಗ್ ಗಿರಣಿಯ ಪ್ರೆಸ್ಸಿನಲ್ಲಿ ಕೋಣೆ ತುಂಬುವಷ್ಟು ಅರಳೆ ಒಂದು ಅಂಡಿಗೆಯಾಗುವದನ್ನು ನೀವು ದಿನಾಲು ನೋಡುತ್ತೀರಿ. ಬೆಟ್ಟದ ಮೇಲೆ ಅದೇ ಕೆಲಸವನ್ನು ಭಾರ ಮತ್ತು ಕಾಲ ಎರಡೂ ಕೂಡಿ ಮಾಡುತ್ತವೆ. ಹತ್ತಾರು ವರ್ಷಗಳಲ್ಲಿ, ಕೆಲವೆಡೆ ನೂರಾರು ವರ್ಷಗಳಲ್ಲಿ, ಮೆತ್ತಗಿನ ಹಿಮ ಗಟ್ಟಿಯಾದ ನೀಲಿ ಬರ್ಫದ ಬಂಡೆಯಾಗುತ್ತದೆ.

ಆ ಬಂಡೆ ಸುಮ್ಮನೆ ಕೂಡ್ರುವದಿಲ್ಲ. ಮೂವತ್ತು, ಐವತ್ತು ಮೀಟರು ದಪ್ಪವಾಯಿತೆಂದರೆ ತನ್ನ ಭಾರಕ್ಕೆ ತಾನೇ ಇಳಿಜಾರಿನ ಕಡೆಗೆ ಹರಿಯತೊಡಗುತ್ತದೆ. ಬಂಡೆಯಂಥ ವಸ್ತು ಹರಿಯುವದು ಹೇಗೆ ಎಂದು ಕೇಳಬಹುದು. ರಸ್ತೆಯ ಕೆಲಸದ ಡಾಂಬರನ್ನು ನೆನಪಿಗೆ ತಂದುಕೊಳ್ಳಿರಿ. ಗಟ್ಟಿ ಡಾಂಬರಿಗೆ ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಚೂರಾಗುತ್ತದೆ. ಅದೇ ಗಡ್ಡೆಯನ್ನು ಓರೆಯಾದ ಹಲಗೆಯ ಮೇಲಿಟ್ಟು ಬಿಟ್ಟರೆ ಕೆಲವು ದಿನಗಳಲ್ಲಿ ಮೆಲ್ಲಗೆ ಕೆಳಗಿಳಿದಿರುತ್ತದೆ. ಬರ್ಫದ ಹರಳುಗಳೊಳಗೆ ಪದರಗಳಿರುತ್ತವೆ. ಒತ್ತಡ ಬಿದ್ದಾಗ ಇಸ್ಪೀಟಿನ ಎಲೆಗಳ ಕಟ್ಟಿನಂತೆ ಒಂದರ ಮೇಲೊಂದು ಜಾರುತ್ತವೆ. ಇದು ಒಂದು ಬಗೆಯ ನಡಿಗೆ. ಇನ್ನೊಂದು ಬಗೆಯದು, ಬರ್ಫಕ್ಕೂ ಕೆಳಗಿನ ಕಲ್ಲಿಗೂ ನಡುವೆ ಕರಗಿದ ನೀರು ಸೇರಿಕೊಂಡು ಇಡೀ ಮೈ ಜಾರುವದು. ಮೇಲ್ಪದರು ಮಾತ್ರ ಪೆಡಸು. ಅದು ಬಾಗಲಾರದೆ ಸೀಳುತ್ತದೆ. ಆನೆಯೂ ಮುಳುಗುವಂಥ ಬಿರುಕುಗಳು ಅಲ್ಲಿ ಬೀಳುತ್ತವೆ.

ಬರ್ಫ ನಡೆಯುತ್ತದೆಂಬುದನ್ನು ಜಗತ್ತು ನಂಬಿದ್ದು ಒಂದು ಗುಡಿಸಲಿನಿಂದ. 1827ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೂಗಿ ಎಂಬ ವಿದ್ವಾಂಸನು ಊಂಟರಾರ್ ಎಂಬ ಹಿಮನದಿಯ ಮೇಲೆ ಒಂದು ಗುಡಿಸಲು ಕಟ್ಟಿಸಿದ. ಹನ್ನೆರಡು-ಹದಿಮೂರು ವರ್ಷಗಳ ಮೇಲೆ ಲೂಯಿ ಅಗಾಸಿ ಎಂಬ ವಿಜ್ಞಾನಿ ಹೋಗಿ ನೋಡಿದರೆ ಗುಡಿಸಲಿನ ಅವಶೇಷ ಇದ್ದ ಜಾಗದಿಂದ ಒಂದು ಕಿಲೋಮೀಟರಿಗಿಂತಲೂ ಹೆಚ್ಚು ಕೆಳಗೆ ಬಂದಿತ್ತು! ಆಗ ಅಗಾಸಿ ಮತ್ತು ಅವನ ಸಂಗಡಿಗರು ಹಿಮನದಿಯ ಈ ದಂಡೆಯಿಂದ ಆ ದಂಡೆಗೆ ನೇರ ಸಾಲಿನಲ್ಲಿ ಗೂಟಗಳನ್ನು ನೆಟ್ಟು ಬಂದರು. ಮರುವರ್ಷ ನೋಡಿದರೆ ಸಾಲು ಬಿಲ್ಲಿನಂತೆ ಬಾಗಿತ್ತು. ನಡುವಿನ ಗೂಟಗಳು ಮುಂದೆ ಹೋಗಿದ್ದವು, ದಂಡೆಯವು ಹಿಂದೆ ಉಳಿದಿದ್ದವು. ಹೊಳೆಯ ನೀರಿನ ನಡಿಗೆಯೂ ಹೀಗೆಯೇ ಅಲ್ಲವೇ? ಹಿಮನದಿ ಎಂಬ ಹೆಸರು ಕವಿಗಳ ಕಲ್ಪನೆಯಲ್ಲ. ಅದು ನಿಜವಾಗಿಯೂ ನದಿಯೇ, ಆದರೆ ಅದರ ನಡೆ ವರ್ಷಕ್ಕೆ ಕೆಲವು ಹತ್ತು ಮೀಟರು ಅಷ್ಟೇ.

ಜಮಾ-ಖರ್ಚು

ಇನ್ನು ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ಹಿಮನದಿಯನ್ನು ತಿಳಿದುಕೊಳ್ಳಲು ನಿಮ್ಮ ಕೀರ್ದಿ ಪುಸ್ತಕವೇ ಸಾಕು. ಮೇಲ್ಭಾಗದಲ್ಲಿ ಬೀಳುವ ಹಿಮ ಜಮಾ. ಕೆಳಭಾಗದಲ್ಲಿ ಕರಗುವ ನೀರು ಖರ್ಚು. ನಡುವೆ ಎಲ್ಲಿಯೋ ಒಂದು ಗೆರೆ ಇದೆ. ಆ ಗೆರೆಯ ಮೇಲೆ ವರ್ಷದ ಕೊನೆಗೆ ಹಿಮ ಉಳಿಯುತ್ತದೆ, ಕೆಳಗೆ ಹಳೆಯ ಬರ್ಫವೂ ಕರಗುತ್ತದೆ. ಮೇಲಿನ ಉಳಿತಾಯವನ್ನು ಕೆಳಗಿನ ಖರ್ಚಿಗೆ ತಲುಪಿಸುವದೇ ಹರಿವಿನ ಕೆಲಸ. ಜಮಾ-ಖರ್ಚು ಸರಿಹೋದರೆ ಹಿಮನದಿ ಇದ್ದಷ್ಟೇ ಇರುತ್ತದೆ. ಅದರ ಶಿಲ್ಕು ಸಾವಿರಾರು ವರ್ಷಗಳದ್ದು.

ಹವೆ ಬಿಸಿಯಾದರೆ ಏನಾಗುತ್ತದೆ? ಗೆರೆ ಮೇಲೆ ಸರಿಯುತ್ತದೆ. ಹಿಮವಾಗಿ ಬೀಳಬೇಕಾದದ್ದು ಮಳೆಯಾಗಿ ಬಿದ್ದು ಹರಿದುಹೋಗುತ್ತದೆ. ಅಂದರೆ ಜಮಾ ಕಡಿಮೆ. ಬೇಸಿಗೆ ಉದ್ದವಾಗುತ್ತದೆ. ಅಂದರೆ ಖರ್ಚು ಹೆಚ್ಚು. ಬಿಳಿಯ ಹಿಮ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ. ಅದು ಹೋಗಿ ಕೆಳಗಿನ ಮಸುಕು ಬರ್ಫ ಬಯಲಾದರೆ, ಅದರ ಮೇಲೆ ಇದ್ದಲ ಹೊಗೆಯ ಮಸಿ ಕುಳಿತರೆ, ಬಿಸಿಲು ಒಳಗೆ ಹೋಗುತ್ತದೆ. ಬಿಳಿಯ ಧೋತರಕ್ಕೂ ಕರಿಯ ಕಂಬಳಿಗೂ ಬಿಸಿಲಿನಲ್ಲಿ ಇರುವ ಭೇದವನ್ನು ನಾನು ಹೇಳಬೇಕಾಗಿಲ್ಲ. ಬರ್ಫ ತೆಳುವಾದಂತೆ ಅದರ ಮೇಲ್ಮೈ ಕೆಳಗಿಳಿಯುತ್ತದೆ. ಕೆಳಗೆ ಹವೆ ಇನ್ನೂ ಬೆಚ್ಚಗೆ. ಆದ್ದರಿಂದ ಕರಗುವದು ಇನ್ನೂ ಹೆಚ್ಚು. ತೆಳುವಾದ ಬರ್ಫಕ್ಕೆ ಭಾರ ಕಡಿಮೆ. ಆದ್ದರಿಂದ ಅದರ ನಡಿಗೆಯೂ ನಿಧಾನ. ಮೇಲಿನ ಉಳಿತಾಯ ಕೆಳಗೆ ಬಂದು ತಲುಪುವದೇ ಕಡಿಮೆಯಾಗುತ್ತದೆ. ಸಾಲಗಾರನಿಗೆ ಬಡ್ಡಿಯ ಮೇಲೆ ಬಡ್ಡಿ ಏರುವದೆಂದರೆ ಇದೇ.

ಇಲ್ಲಿ ಒಂದು ಮೋಸವಿದೆ, ಅದನ್ನು ಗಮನಿಸಬೇಕು. ಹಿಮನದಿ ಕ್ಷೀಣಿಸುವ ಮೊದಲ ವರ್ಷಗಳಲ್ಲಿ ಹೊಳೆಗೆ ನೀರು ಹೆಚ್ಚೇ ಬರುತ್ತದೆ! ಕೆಳಗಿನವರು ಒಳ್ಳೆಯ ಕಾಲ ಬಂತು ಎಂದುಕೊಳ್ಳುತ್ತಾರೆ. ಮುದ್ದಲು ಮುರಿದು ಉಣ್ಣುವ ಅಂಗಡಿಕಾರನ ಮನೆಯಲ್ಲಿಯೂ ಮೊದಲು ಹಬ್ಬವೇ. ಹಿಮಾಲಯದ ಎಷ್ಟೋ ಹೊಳೆಗಳಲ್ಲಿ ಈ ಹಬ್ಬ ಈ ಶತಮಾನದ ನಡುವಿನ ಹೊತ್ತಿಗೆ ಮುಗಿದು, ಆಮೇಲೆ ಹಿಮದ ನೀರು ವರ್ಷವರ್ಷಕ್ಕೆ ಇಳಿಯುತ್ತ ಹೋಗುವದೆಂದು ವಿಜ್ಞಾನಿಗಳ ಅಂದಾಜು ಇದೆ.

ಹಿಂದೆ ಸರಿಯುವದೆಂದರೆ

ಹಿಮನದಿ ಹಿಂದೆ ಸರಿಯಿತು ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಬರ್ಫ ತಿರುಗಿ ಬೆಟ್ಟ ಹತ್ತಿತೇ? ಇಲ್ಲ. ಬರ್ಫ ಎಂದೂ ಕೆಳಕ್ಕೇ ನಡೆಯುತ್ತದೆ. ಗಿರಣಿಯ ಮಾತಿನಲ್ಲಿ ಹೇಳುತ್ತೇನೆ. ಓಡುವ ಪಟ್ಟೆಯ ಮೇಲೆ ಹತ್ತಿ ಬರುತ್ತಿದೆ, ಪಟ್ಟೆಯುದ್ದಕ್ಕೂ ನಿಂತ ಕೈಗಳು ಅದನ್ನು ಎತ್ತಿಕೊಳ್ಳುತ್ತಿವೆ. ಹಾಕುವವರು ಕಡಿಮೆಯಾಗಿ ಎತ್ತುವ ಕೈಗಳು ಹೆಚ್ಚಾದರೆ ಪಟ್ಟೆಯ ಕೊನೆಯವರೆಗೆ ಹತ್ತಿ ಬಂದು ಮುಟ್ಟುವದೇ ಇಲ್ಲ. ನಡುವೆಯೇ ಮುಗಿದುಹೋಗುತ್ತದೆ. ಮುಗಿಯುವ ಜಾಗ ಹಿಂದೆ ಹಿಂದೆ ಹೋಗುತ್ತದೆ, ಆದರೆ ಪಟ್ಟೆ ಮಾತ್ರ ಮುಂದಕ್ಕೇ ಓಡುತ್ತಿರುತ್ತದೆ. ಹಿಮನದಿ ಹಿಂದೆ ಸರಿಯುವದೆಂದರೆ ಇಷ್ಟೇ.

ಗಂಗೆ ಹುಟ್ಟುವ ಗೋಮುಖವನ್ನು ನಿಮ್ಮಲ್ಲಿ ಯಾತ್ರೆಗೆ ಹೋದವರು ಕಂಡಿರಬಹುದು. ಅದು ಸುಮಾರು 30 ಕಿಲೋಮೀಟರು ಉದ್ದದ ಗಂಗೋತ್ರಿ ಹಿಮನದಿಯ ಬಾಯಿ. ಅದರ ಅಳತೆ 1935ರಿಂದ ನಡೆದಿದೆ. 1996ರ ವರೆಗಿನ ಅರುವತ್ತೊಂದು ವರ್ಷಗಳಲ್ಲಿ ಆ ಬಾಯಿ ಒಂದು ಕಿಲೋಮೀಟರಿಗಿಂತ ಹೆಚ್ಚು ಹಿಂದೆ ಹೋಯಿತು. ಆಮೇಲೂ ಹೋಗುತ್ತಲೇ ಇದೆ. ಅಜ್ಜ ಮಿಂದ ಜಾಗದಲ್ಲಿ ಮೊಮ್ಮಗನಿಗೆ ಸಿಕ್ಕುವದು ಬರೀ ಕಲ್ಲುರಾಶಿ.

ಬಾಯಿ ಎಷ್ಟು ಹಿಂದೆ ಹೋಯಿತು ಎಂಬದಕ್ಕಿಂತ ಮೈ ಎಷ್ಟು ತೆಳುವಾಯಿತು ಎಂಬದು ಮುಖ್ಯ. ಅದನ್ನು ಅಳೆಯುವ ಉಪಕರಣ ಯಾವುದೆಂದು ತಿಳಿದರೆ ನಿಮಗೆ ಆಶ್ಚರ್ಯವಾದೀತು: ಬಿದಿರಿನ ಗಳ! ಹಿಮಾಚಲ ಪ್ರದೇಶದ ಛೋಟಾ ಶಿಗ್ರಿ ಎಂಬ ಹಿಮನದಿಯಲ್ಲಿ 2002ರಿಂದ ಪ್ರತಿವರ್ಷ ನಮ್ಮ ವಿಜ್ಞಾನಿಗಳು ಬರ್ಫದಲ್ಲಿ ತೂತು ಕೊರೆದು ಬಿದಿರಿನ ಗಳಗಳನ್ನು ಇಳಿಸುತ್ತಾರೆ. ಬೇಸಿಗೆ ಕಳೆದ ಮೇಲೆ ಗಳ ಎಷ್ಟು ಹೊರಗೆ ಕಾಣುತ್ತದೆಯೋ ಅಷ್ಟು ಬರ್ಫ ಕರಗಿತು. ಇಪ್ಪತ್ತು ವರ್ಷಗಳ ಆ ಲೆಕ್ಕದಲ್ಲಿ ಜಮಾ ಹೆಚ್ಚಾದ ವರ್ಷಗಳು ಕೆಲವೇ. ಉಳಿದವೆಲ್ಲ ಖೋತಾ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದಲ್ಲಿಯೂ ಹಿಮಾಲಯದ ಹಿಮನದಿಗಳ ಅಭ್ಯಾಸ ನಡೆದಿದೆ.

ಮತ್ತೊಂದು ಸಾಕ್ಷಿ ಇನ್ನೂ ವಿಚಿತ್ರವಾದದ್ದು. ಶೀತಲ ಯುದ್ಧದ ಕಾಲದಲ್ಲಿ ಅಮೇರಿಕೆಯ ಗೂಢಚಾರ ಉಪಗ್ರಹಗಳು ಹಿಮಾಲಯದ ಛಾಯಾಚಿತ್ರಗಳನ್ನು ತೆಗೆದಿದ್ದವು. ಅವರು ಹುಡುಕುತ್ತಿದ್ದದ್ದು ಸೈನ್ಯ ಮತ್ತು ಕ್ಷಿಪಣಿಗಳನ್ನು. ಗುಟ್ಟು ಬಯಲಾದ ಮೇಲೆ ವಿಜ್ಞಾನಿಗಳು ಆ ಹಳೆಯ ಚಿತ್ರಗಳಲ್ಲಿ ಬರ್ಫದ ಎತ್ತರವನ್ನು ಅಳೆದು ಹೊಸ ಅಳತೆಗಳಿಗೆ ಹೋಲಿಸಿದರು. ಫಲಿತಾಂಶ 2019ರಲ್ಲಿ ಹೊರಬಂತು: 1975ರಿಂದ 2000ದ ವರೆಗೆ ವರ್ಷಕ್ಕೆ ಎಷ್ಟು ಬರ್ಫ ಹೋಗುತ್ತಿತ್ತೋ ಅದರ ಎರಡು ಪಟ್ಟು 2000ದಿಂದ 2016ರ ವರೆಗೆ ಹೋಗಿದೆ. ಜಗತ್ತಿನ ಎಲ್ಲ ಹಿಮನದಿಗಳನ್ನು ಕೂಡಿಸಿದ ಲೆಕ್ಕವೂ 2025ರಲ್ಲಿ ಪ್ರಕಟವಾಗಿದೆ. 2000ದಿಂದ 2023ರ ವರೆಗೆ ಸರಾಸರಿ ವರ್ಷಕ್ಕೆ 27,300 ಕೋಟಿ ಟನ್ನು ಬರ್ಫ ನಷ್ಟ.

ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಎಲ್ಲ ಹಿಮನದಿಗಳೂ ಒಂದೇ ತರಹ ಇಲ್ಲ. ಕಾರಾಕೋರಂ ಸೀಮೆಯಲ್ಲಿ ಎಷ್ಟೋ ಹಿಮನದಿಗಳು ಬಹುಕಾಲ ಹೆಚ್ಚುಕಡಿಮೆ ಇದ್ದಷ್ಟೇ ಇದ್ದವು. ದಪ್ಪನೆಯ ಕಲ್ಲುಮಣ್ಣು ಹೊದ್ದ ಹಿಮನದಿ ಮೆಲ್ಲಗೆ ಕರಗುತ್ತದೆ. ತಜ್ಞರೂ ತಪ್ಪಿದ್ದುಂಟು. 2035ರ ಹೊತ್ತಿಗೆ ಹಿಮಾಲಯದ ಹಿಮನದಿಗಳು ಮಾಯವಾಗಬಹುದೆಂದು 2007ರ ಅಂತರರಾಷ್ಟ್ರೀಯ ವರದಿಯಲ್ಲಿ ಅಚ್ಚಾಗಿತ್ತು. ಅದು ತಪ್ಪೆಂದು 2010ರಲ್ಲಿ ಅವರೇ ಒಪ್ಪಿಕೊಂಡರು. ಶಿಗ್ಗಾಂವಿಯಲ್ಲಿ ಒಬ್ಬ ಕಿರಾಣಿ ವ್ಯಾಪಾರಿಗಳು ಇದನ್ನೇ ಎತ್ತಿ, "ಹಂಗಾದ್ರ ಉಳಿದದ್ದನ್ನ ಹೆಂಗ ನಂಬೂದ್ರಿ?" ಎಂದು ಕೇಳಿದರು. ನಾನು ಹೇಳಿದೆ: ಯಜಮಾನರೇ, ಕೂಡಿಸುವಲ್ಲಿ ಒಂದು ತಪ್ಪು ಸಿಕ್ಕರೆ ನೀವು ಆ ಪುಟವನ್ನು ತಿದ್ದುತ್ತೀರೋ, ಸಾಲವೇ ಇಲ್ಲವೆಂದು ಪುಸ್ತಕ ಸುಡುತ್ತೀರೋ? ಅವರು ತಿದ್ದಿದರು. ತಿದ್ದಿದ ಲೆಕ್ಕ 2019ರದು ಹೀಗಿದೆ: ಜಗತ್ತಿನ ಕಾವು ಒಂದೂವರೆ ಡಿಗ್ರಿಯಲ್ಲಿ ನಿಂತರೂ ಈ ಶತಮಾನದ ಕೊನೆಗೆ ಹಿಮಾಲಯ-ಹಿಂದೂಕುಶ ಸೀಮೆಯ ಮೂರರಲ್ಲಿ ಒಂದು ಪಾಲು ಬರ್ಫ ಹೋಗುತ್ತದೆ. ಹೀಗೆಯೇ ಹೊಗೆ ಬಿಡುತ್ತ ಹೋದರೆ ಮೂರರಲ್ಲಿ ಎರಡು ಪಾಲು ಹೋಗುತ್ತದೆ. ಒಂದು ಪಾಲಿಗೂ ಎರಡು ಪಾಲಿಗೂ ನಡುವೆ ಇರುವದು ದೈವವಲ್ಲ, ಮನುಷ್ಯನ ತೀರ್ಮಾನ. ಅದಕ್ಕಾಗಿಯೇ ಇದು ರಾಜಕೀಯದ ವಿಷಯ.

ಹೊಗೆ ಯಾರದು?

ಕಲ್ಲಿದ್ದಲು, ಎಣ್ಣೆ ಸುಟ್ಟಾಗ ಇಂಗಾಲಾಮ್ಲ ವಾಯು ಏಳುತ್ತದೆ. ಅದು ಭೂಮಿಯ ಕಾವನ್ನು ಹೊರಗೆ ಬಿಡದೆ ಕಂಬಳಿಯಂತೆ ತಡೆಯುತ್ತದೆ. ಉಗಿಯಂತ್ರದ ಯುಗಕ್ಕೆ ಮೊದಲು ಹವೆಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 280 ಪಾಲು ಇತ್ತು. ಈಗ 420 ದಾಟಿದೆ. 2024ರಲ್ಲಿ ಜಗತ್ತಿನ ಸರಾಸರಿ ಉಷ್ಣಮಾನ ಆ ಹಳೆಯ ಕಾಲಕ್ಕಿಂತ ಒಂದೂವರೆ ಡಿಗ್ರಿ ಮೀರಿತು. ಈ ವಾಯುವಿನ ಗುಣವೆಂದರೆ ಏರಿದ್ದು ಬೇಗ ಇಳಿಯುವದಿಲ್ಲ. ಒಂದು ಪಾಲು ನೂರಾರು ವರ್ಷ ಅಲ್ಲಿಯೇ ಇರುತ್ತದೆ.

ಈ ಕತೆಯಲ್ಲಿ ನಮ್ಮ ಸೀಮೆಯ ಹೆಸರೂ ಇದೆ. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಇಂಗ್ಲಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಆಗ ಧಾರವಾಡ ಸೀಮೆಯ ಎರಿಮಣ್ಣಿನ ಹತ್ತಿಗೆ ಎಂದೂ ಇಲ್ಲದ ಬೇಡಿಕೆ ಬಂತು. ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟವಿಳಿದು ಕುಮಟಾ ಬಂದರದಿಂದ ಹೋಗುತ್ತಿದ್ದ ಈ ಕಡೆಯ ಹತ್ತಿಗೆ ದೂರದ ಪೇಟೆಗಳಲ್ಲಿ ಕುಮಟಾ ಹತ್ತಿ ಎಂದೇ ಹೆಸರು. ಲಂಕಾಶಾಯರದ ಗಿರಣಿಗಳು ಅದನ್ನು ನೂತದ್ದು ಕಲ್ಲಿದ್ದಲ ಉಗಿಯಿಂದ. ಲಾಭ ಅಲ್ಲಿಯ ಗಿರಣಿ ಮಾಲೀಕನಿಗೆ ಹೋಯಿತು. ಬಟ್ಟೆ ತಿರುಗಿ ಇಲ್ಲಿಗೇ ಬಂದು ನಮ್ಮ ನೇಕಾರನ ಮಗ್ಗವನ್ನು ಮುರಿಯಿತು. ಆ ಹೊಗೆಯಲ್ಲಿ ಒಂದು ಪಾಲು ಇನ್ನೂ ನಮ್ಮ ತಲೆಯ ಮೇಲೆ ತೇಲುತ್ತಿದೆ. ಮೂರು ಬಾರಿ ತೆರುವದೆಂದರೆ ಇದಲ್ಲವೇ?

ಇಂದಿನ ವರೆಗೆ ಜಗತ್ತು ಬಿಟ್ಟ ಹೊಗೆಯನ್ನೆಲ್ಲ ಕೂಡಿಸಿದರೆ ಅದರ ಸುಮಾರು ಕಾಲು ಪಾಲು ಅಮೇರಿಕೆ ಒಂದರದೇ. ಭಾರತದ್ದು ನೂರಕ್ಕೆ ಮೂರು-ನಾಲ್ಕು ಪಾಲು ಮಾತ್ರ. ಇದನ್ನು ಹೇಳಿ ನಮ್ಮವರನ್ನೆಲ್ಲ ಬಿಟ್ಟುಬಿಡುವದು ಸಮಾಜವಾದಿಯ ಕೆಲಸವಲ್ಲ. ಈಗ ವರ್ಷವರ್ಷದ ಲೆಕ್ಕದಲ್ಲಿ ಚೀನಾ ಮೊದಲನೆಯದು, ಅಮೇರಿಕೆ ಎರಡನೆಯದು, ನಮ್ಮ ದೇಶ ಮೂರನೆಯದು. ತಲೆಗೆ ಹಂಚಿದರೆ ನಮ್ಮದು ಜಗತ್ತಿನ ಸರಾಸರಿಗಿಂತ ಕಡಿಮೆ. ಆದರೆ ಯಾವ ತಲೆಗೆ ಹಂಚುವದು? ವಿಮಾನದಲ್ಲಿ ಹಾರುವವನ ತಲೆಗೂ ಸೈಕಲ್ಲು ತುಳಿದು ಪಾಳಿಗೆ ಬರುವವನ ತಲೆಗೂ ಒಂದೇ ಲೆಕ್ಕವೇ? ಜಗತ್ತಿನ ಅತಿ ಶ್ರೀಮಂತರಾದ ನೂರಕ್ಕೆ ಒಬ್ಬರು 2019ರಲ್ಲಿ ಇಡೀ ಹೊಗೆಯ ನೂರಕ್ಕೆ 16 ಪಾಲಿಗೆ ಕಾರಣರೆಂದು ಆಕ್ಸ್‌ಫ್ಯಾಮ್ ಸಂಸ್ಥೆ ಲೆಕ್ಕ ಹಾಕಿದೆ. ನೀವು ಮನೆಯಲ್ಲಿ ಉರಿಸುವ ಒಂದು ದೀಪಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಬಂಡವಳಶಾಹಿಯೂ ಕಮ್ಯುನಿಸ್ಟ್ ವ್ಯವಸ್ಥೆಯೂ ಒಂದೇ ಬಗೆಯ ಭಾರಿ ಯಂತ್ರಗಳನ್ನು ಪೂಜಿಸುತ್ತವೆ, ಆ ಬಗೆಯ ಭೋಗ ಲೋಕದ ಎಲ್ಲರಿಗೂ ದಕ್ಕಲಾರದು ಎಂದು ಡಾ. ಲೋಹಿಯಾ 1950ರ ದಶಕದಲ್ಲಿಯೇ ವಾದಿಸಿದರು. ಅವರು ಹಿಮನದಿಯನ್ನು ಕುರಿತು ಹೇಳಲಿಲ್ಲ. ಆದರೆ ಇಂದು ಬರ್ಫವೇ ಅವರ ಪರವಾಗಿ ಸಾಕ್ಷಿ ನುಡಿಯುತ್ತಿದೆ. ಸಾಕ್ಷಿಯಾಗಿ ಬರ್ಫ ಬಲು ಗಟ್ಟಿ. ಮಳೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಅದರ ಮೇಲೆ ವಾದ ಹೂಡಬಹುದು. ಬರ್ಫವೆಂದರೆ ಹತ್ತಾರು ವರ್ಷಗಳ ಶಿಲ್ಕು. ಒಂದು ವರ್ಷದ ಏರಿಳಿತ ಅದನ್ನು ಮೋಸಗೊಳಿಸಲಾರದು.

ಬೆಲೆ ತೆತ್ತವರು

ನಮ್ಮ ನೆರೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರನ್ನು ಈ ಸಭೆಯಲ್ಲಿ ಮರೆತವರಿಲ್ಲ. 2016ನೆಯ ಇಸವಿ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಮೇಲಿನ ಠಾಣ್ಯದ ಮೇಲೆ ಬರ್ಫದ ಗೋಡೆ ಕುಸಿದು ಹತ್ತು ಮಂದಿ ಯೋಧರು ಹುಗಿದುಹೋದರು. ಆರು ದಿನಗಳ ಮೇಲೆ ಬರ್ಫವನ್ನು ಕೊರೆದು ನೋಡಿದಾಗ ಅವರೊಬ್ಬರಲ್ಲಿ ಮಾತ್ರ ಜೀವವಿತ್ತು. ಫೆಬ್ರುವರಿ 11ರಂದು ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂದು ಈ ನಾಲ್ಕೂ ತಾಲೂಕುಗಳ ಹಳ್ಳಿಹಳ್ಳಿಯಲ್ಲಿ ಜನ ಕಣ್ಣೀರಿಟ್ಟರು. ಆ ಕುಸಿತಕ್ಕೆ ಜಗತ್ತಿನ ಕಾವೇ ಕಾರಣವೆಂದು ನಾನು ಹೇಳುವದಿಲ್ಲ. ಹಾಗೆ ಹೇಳಿದರೆ ಸತ್ತವರಿಗೂ ವಿಜ್ಞಾನಕ್ಕೂ ಅನ್ಯಾಯವಾದೀತು. ನಾನು ಹೇಳುವದು ಇಷ್ಟೇ: ಹಿಮನದಿ ನಮಗೆ ದೂರದ್ದೆಂದು ನಾವು ಹೇಳುವ ಹಾಗಿಲ್ಲ. ಅಲ್ಲಿ ಕಾವಲು ನಿಲ್ಲುವವರು ಇಂಥ ಹಳ್ಳಿಗಳ ಮಕ್ಕಳೇ.

2021ರ ಫೆಬ್ರುವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ಬೆಟ್ಟದ ಕಲ್ಲೂ ಅದರ ಮೇಲಿನ ಬರ್ಫವೂ ಒಮ್ಮೆಲೇ ಕಳಚಿ ಕಣಿವೆಗೆ ಬಿದ್ದು ಹೊಳೆ ಕೆಸರಿನ ಗೋಡೆಯಾಗಿ ಬಂತು. ಸತ್ತವರು, ಕಾಣೆಯಾದವರು ಇನ್ನೂರಕ್ಕೂ ಹೆಚ್ಚು. ಅವರಲ್ಲಿ ಬಹುಮಂದಿ ವಿದ್ಯುತ್ ಯೋಜನೆಗಳಲ್ಲಿ, ಸುರಂಗದಲ್ಲಿ ದುಡಿಯುತ್ತಿದ್ದ ಕೂಲಿಕಾರರು. 2023ರ ಅಕ್ಟೋಬರದಲ್ಲಿ ಸಿಕ್ಕಿಮಿನ ದಕ್ಷಿಣ ಲೋನಕ ಸರೋವರ ಒಡೆಯಿತು. ಹಿಮನದಿ ಹಿಂದೆ ಸರಿದಂತೆ ಅದರ ಬಾಯಿಯಲ್ಲಿ, ಅದೇ ತಂದು ಒಟ್ಟಿದ ಕಲ್ಲುಮಣ್ಣಿನ ಏರಿಯ ಹಿಂದೆ, ವರ್ಷವರ್ಷಕ್ಕೆ ಬೆಳೆದ ಸರೋವರ ಅದು. ಕೆಳಗೆ ಚುಂಗಥಾಂಗದಲ್ಲಿದ್ದ 1200 ಮೆಗಾವಾಟಿನ ಯೋಜನೆಯ ಅಣೆಕಟ್ಟು ಒಂದು ರಾತ್ರಿಯಲ್ಲಿ ಕೊಚ್ಚಿಹೋಯಿತು. ಮೇಲೆ ಸರೋವರ ಬೆಳೆಯುತ್ತಿದೆ ಎಂದು ವಿಜ್ಞಾನಿಗಳು ಮೊದಲೇ ಎಚ್ಚರಿಸಿದ್ದರು. ಮೊದಲು ಎಚ್ಚರಿಕೆಯ ಗಂಟೆ ಕಟ್ಟಬೇಕು, ಆಮೇಲೆ ಕೂಲಿಕಾರನನ್ನು ಕಣಿವೆಗೆ ಇಳಿಸಬೇಕು ಎಂದು ಕೇಳುವ ಹಕ್ಕು ಕಾರ್ಮಿಕ ಸಂಘಗಳಿಗಿದೆ.

ಇನ್ನು ಅನ್ನದ ಮಾತು. ಭಾಕ್ರಾ ಅಣೆಕಟ್ಟಿಗೆ ಸತಲಜ ನದಿ ತರುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಿಮದ್ದು ಮತ್ತು ಹಿಮನದಿಯದು. ಆ ಕಾಲುವೆಗಳ ಪಂಜಾಬ, ಹರಿಯಾಣಗಳೇ ಕೇಂದ್ರದ ಧಾನ್ಯಭಂಡಾರದ ದೊಡ್ಡ ಆಧಾರ. ನಮ್ಮ ನ್ಯಾಯಬೆಲೆ ಅಂಗಡಿಯ ಚೀಲದ ಹಗ್ಗದ ಒಂದು ತುದಿ ಅಲ್ಲಿದೆ. 2022ರ ಮಾರ್ಚಿನಲ್ಲಿ ಉತ್ತರದಲ್ಲಿ ಬಿಸಿಗಾಳಿ ಬೀಸಿ ತೆನೆಯಲ್ಲಿದ್ದ ಗೋದಿ ಜೊಳ್ಳಾಯಿತು. ಮೇ ತಿಂಗಳಲ್ಲಿ ಸರಕಾರ ಗೋದಿಯ ರಫ್ತನ್ನೇ ನಿಲ್ಲಿಸಬೇಕಾಯಿತು. ಆ ವರ್ಷ ಗೋದಿಹಿಟ್ಟಿನ ಬೆಲೆ ಏನಾಯಿತು ಎಂಬದನ್ನು ಈ ಪೇಟೆಯ ಖಾನಾವಳಿಯವರು ನನಗಿಂತ ಚೆನ್ನಾಗಿ ಬಲ್ಲರು.

ಹಮಾಲ ಸಂಗಾತಿಗೆ ಉತ್ತರ

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಹಿಮ ಕರಗಿದರೆ ವರದೆಗೆ ಏನೂ ಆಗುವದಿಲ್ಲ. ಆದರೆ ಹಿಮವನ್ನು ಕರಗಿಸುವ ಕಾವು ವರದೆಯ ಮೇಲೂ ಇದೆ. ಕಾವೇರಿದ ಹವೆ ಹೆಚ್ಚು ನೀರನ್ನು ಹೀರುತ್ತದೆ, ಬಿಟ್ಟರೆ ಒಮ್ಮೆಲೇ ಬಿಡುತ್ತದೆ. ಒಂದು ಡಿಗ್ರಿಗೆ ನೂರಕ್ಕೆ ಏಳರಷ್ಟು ಹೆಚ್ಚು ಆವಿಯನ್ನು ಅದು ಹಿಡಿಯಬಲ್ಲದು. 2019ರ ಅಗಸ್ಟದಲ್ಲಿ ವರದೆ, ಧರ್ಮಾ ಹೊಳೆಗಳು ಊರೊಳಗೆ ನುಗ್ಗಿದ್ದನ್ನು ಕಂಡಿರಿ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ್ದನ್ನೂ ಕಂಡಿರಿ. ಒಂದೊಂದು ನೆರೆಗೂ ಒಂದೊಂದು ಬರಕ್ಕೂ ಬೇರೆ ಬೇರೆ ಕಾರಣಗಳಿರಬಹುದು. ಆದರೆ ಬಿದ್ದರೆ ಅತಿ, ಇಲ್ಲದಿದ್ದರೆ ಇಲ್ಲವೇ ಇಲ್ಲ ಎಂಬ ಕಾಲಕ್ಕೆ ನಾವು ಸಿದ್ಧರಾಗಬೇಕು.

ಉತ್ತರದವರಿಗೆ ನೀರಿನ ಶಿಲ್ಕು ಬರ್ಫ. ನಮಗೆ ನೀರಿನ ಶಿಲ್ಕು ಕೆರೆ. ಹಿರೇಕೆರೂರಿನವರಿಗೆ ಇದನ್ನು ನಾನು ಹೇಳಬೇಕೇ? ಊರಿನ ಹೆಸರಿನಲ್ಲಿಯೇ ಕೆರೆ ಇದೆ. ಹಾನಗಲ್ಲಿನವರಿಗೆ ಆನೆಕೆರೆ ಇದೆ, ಆಚೆಗೆ ಮದಗ-ಮಾಸೂರ ಕೆರೆ ಇದೆ. ನಮ್ಮ ಕೆರೆಗಳಿಗೂ ಹಿಮನದಿಯ ಎರಡೂ ರೋಗಗಳು ತಗಲಿವೆ. ಹೂಳು ತುಂಬಿ ಒಳಗಿನಿಂದ ತೆಳುವಾಗುತ್ತಿವೆ. ಒತ್ತುವರಿಯಾಗಿ ಅಂಚಿನಿಂದ ಹಿಂದೆ ಸರಿಯುತ್ತಿವೆ. ಭೇದ ಒಂದೇ. ಹಿಮನದಿಯನ್ನು ಉಳಿಸಲು ಜಗತ್ತೆಲ್ಲ ಕೂಡಬೇಕು. ಕೆರೆಯನ್ನು ಉಳಿಸಲು ಒಂದು ಊರು ಕೂಡಿದರೆ ಸಾಕು.

ಆದ್ದರಿಂದ ಬರಿಯ ಠರಾವು ಮಾಡಿ ಎದ್ದುಹೋಗುವದು ಬೇಡ. ಛೋಟಾ ಶಿಗ್ರಿಯ ವಿಜ್ಞಾನಿಗಳು ಮಾಡಿದ್ದನ್ನೇ ನಾವೂ ಮಾಡೋಣ. ಪಕ್ಷದ ಪ್ರತಿಯೊಂದು ಘಟಕವೂ ತನ್ನ ಊರಿನ ಕೆರೆಯಲ್ಲಿ ತೂಬಿನ ಹತ್ತಿರ ಒಂದು ಬಿದಿರಿನ ಗಳ ನೆಡಬೇಕು. ಅದಕ್ಕೆ ಗೇಣಿಗೊಂದು ಬಣ್ಣದ ಪಟ್ಟೆ ಬಳಿಯಬೇಕು. ಕಾರಹುಣ್ಣಿವೆಯಿಂದ ಹೋಳಿಹುಣ್ಣಿವೆಯ ವರೆಗೆ ಪ್ರತಿ ಹುಣ್ಣಿವೆಗೆ ನೀರು ಎಲ್ಲಿದೆ, ಬೇಸಿಗೆಯಲ್ಲಿ ಹೂಳು ಎಲ್ಲಿಗೆ ಬಂದಿದೆ, ಅಂಚು ಯಾರ ಹೊಲದೊಳಗೆ ಹೋಗಿದೆ ಎಂದು ಒಂದು ವಹಿಯಲ್ಲಿ ಬರೆದಿಡಬೇಕು. ಲೆಕ್ಕ ಬರೆಯುವದು ವ್ಯಾಪಾರಿ ಬಂಧುಗಳ ಪಾಲಿಗೆ, ಗಳ ನೆಡುವದು ಗಿರಣಿಯ ಗೆಳೆಯರ ಪಾಲಿಗೆ. ವರ್ಷದ ಕೊನೆಗೆ ನಾಲ್ಕೂ ತಾಲೂಕುಗಳ ವಹಿಗಳನ್ನು ಕೂಡಿಸಿ ಸಣ್ಣ ನೀರಾವರಿ ಇಲಾಖೆಯ ಮೇಜಿನ ಮೇಲೆ ಇಡೋಣ. ಕೆರೆ ತುಂಬಿದೆ ಎಂದು ಅವರ ಕಾಗದ ಹೇಳಿದರೆ ನಮ್ಮ ಗಳ ಏನು ಹೇಳುತ್ತದೆ ಎಂದು ಕೇಳೋಣ. ಅಳತೆ ಕೈಯಲ್ಲಿದ್ದವನನ್ನು ಅಧಿಕಾರಿ ಸುಲಭವಾಗಿ ಹೊರಗೆ ಕಳಿಸಲಾರ. ಕೂಲಿಯ ಹೋರಾಟದಲ್ಲಿ ಹಾಜರಿ ಪುಸ್ತಕ ನಮಗೆ ಕಲಿಸಿದ ಪಾಠ ಇದೇ.

ಸಂಗಾತಿಗಳೇ, ಹಾನಗಲ್ಲಿನ ಹಮಾಲ ಗೆಳೆಯ ಸಭೆ ಮುಗಿಯುವವರೆಗೆ ಕುಳಿತು ಕೇಳಿದ. ಎದ್ದು ಹೋಗುವಾಗ ಮತ್ತೆ ಒಂದೇ ಮಾತು ಕೇಳಿದ: "ಗಳ ಎಷ್ಟು ಉದ್ದ ಇರಬೇಕ್ರಿ, ಮಾಸ್ತರ್ರ?" ನಮ್ಮ ಕೆರೆ ಮೊದಲು ಎಷ್ಟು ಆಳವಿತ್ತೋ ಅಷ್ಟು ಎಂದೆ. ಅದು ಎಷ್ಟೆಂಬದನ್ನು ಊರಿನ ಹಿರಿಯರನ್ನು ಕೇಳಿಕೊಂಡು ಬರುತ್ತೇನೆಂದು ಹೋದ. ನೀವೂ ಇಂದು ಮನೆಗೆ ಹೋಗಿ ಅದನ್ನೇ ಕೇಳಿರಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.